ಸುಮಾರು ಎಂಬ ಶಾಸ್ತ್ರ

ಕೃತಕ ಬುದ್ಧಿಮತ್ತೆಗೆ ಅನಲಾಗ್ ಚಿಪ್ ಏಕೆ ಬೇಕು ಎಂದು ಓದುಗರು ಕೇಳುತ್ತಲೇ ಇದ್ದಾರೆ. (ಇಬ್ಬರು ಕೇಳಿದರು. ಅದರಲ್ಲೊಬ್ಬರು ನನ್ನ ಭಾವ.) ವೈಟ್‌ಫೀಲ್ಡಿನಲ್ಲಿ ಹನ್ನೊಂದು ವರ್ಷ ಬಾಡಿಗೆಗಿದ್ದ ಅರ್ಹತೆಯಿಂದ ಉತ್ತರಿಸುತ್ತಿದ್ದೇನೆ.

'ಅನಲಾಗ್' ಎಂಬಲ್ಲಿ 'ಅನಲ' ಇರುವುದನ್ನು ಕಂಡು ಕೆಲವು ಪಂಡಿತರು ಬೆಂಕಿಗೆ ಹೆದರುತ್ತಾರೆ. ಬೆಂಕಿ ಇರುವುದು ಡಿಜಿಟಲ್ ಕಡೆ. ಅಲ್ಲಿ ನೆನಪಿನ ಮನೆ ವೈಟ್‌ಫೀಲ್ಡ್, ಲೆಕ್ಕದ ಆಫೀಸು ಎಲೆಕ್ಟ್ರಾನಿಕ್ ಸಿಟಿ. ಒಂದೊಂದು ಅಂಕಿಯೂ ತಿಂಡಿ ತಿನ್ನದೆ ಹೊರಟು, ಮಾರತ್ತಹಳ್ಳಿ, ಸಿಲ್ಕ್ ಬೋರ್ಡ್ ದಾಟಿ, ಒಂದು ಗುಣಾಕಾರ ಮುಗಿಸಿ, ಬಂದ ದಾರಿಯಲ್ಲೇ ಮನೆ ಸೇರಬೇಕು. ಲೆಕ್ಕಕ್ಕಿಂತ ಈ ಓಡಾಟಕ್ಕೇ ಕರೆಂಟು ಹೆಚ್ಚು ಖರ್ಚು. ಈ ಇಕ್ಕಟ್ಟಿಗೆ ಜಗತ್ತು ಗಣಿತಜ್ಞ ವಾನ್ ನಾಯ್ಮನ್ ಅವರ ಹೆಸರಿಟ್ಟಿದೆ. ಅವರು 1957ರಲ್ಲೇ ತೀರಿಕೊಂಡರು. ಸಿಲ್ಕ್ ಬೋರ್ಡ್ ನೋಡುವ ಯೋಗವಿರಲಿಲ್ಲ.

ಅನಲಾಗ್‌ನ ಒಂದು ಬಗೆಯಲ್ಲಿ ನೆನಪು ಇದ್ದಲ್ಲೇ ಲೆಕ್ಕ. ಅಂದರೆ ವರ್ಕ್ ಫ್ರಂ ಹೋಮ್. ವೋಲ್ಟೇಜು ವಾಹಕತೆಯನ್ನು ಹಾಯ್ದು ಕರೆಂಟಾಗುವಾಗ ಓಮ್ ನಿಯಮ ಪುಕ್ಕಟೆ ಗುಣಿಸಿಕೊಡುತ್ತದೆ. ತಂತಿಗಳು ಕೂಡುವಲ್ಲಿ ಕರೆಂಟುಗಳು ತಾವೇ ಕೂಡಿಕೊಳ್ಳುತ್ತವೆ. ಇದು ಕಿರ್ಚಾಫ್ ನಿಯಮ: ಒಳಬಂದಷ್ಟು ಹೊರಹೋಗಲೇಬೇಕು. ಟಿನ್ ಫ್ಯಾಕ್ಟರಿ ಜಂಕ್ಷನ್ನಿಗೆ ಇದು ಅನ್ವಯಿಸುವುದಿಲ್ಲ.

ದೋಷ ಒಂದೇ: ಉತ್ತರ 'ಸುಮಾರು' ಸರಿ ಇರುತ್ತದೆ. ಬಿಸಿಲು ಏರಿದರೆ ಒಂದು, ಇಳಿದರೆ ಇನ್ನೊಂದು. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಚೇತನ್ ಸಿಂಗ್ ಠಾಕೂರ್ ಅವರ ತಂಡ 2022ರಲ್ಲಿ ಪ್ರಕಟಿಸಿದ ಅನಲಾಗ್ ಚಿಪ್ ಶಾಖದ ಈ ಏರಿಳಿತವನ್ನು ತಾಳಿಕೊಳ್ಳುತ್ತದೆ. ಅದರ ಹೆಸರು ಆರ್ಯಭಟ್-1. ಇಂಗ್ಲಿಷಿನ ಉದ್ದುದ್ದ ಪದಗಳಿಂದ ಅಕ್ಷರ ಹೆಕ್ಕಿ ಕೂಡಿಸಿ ಈ ಹೆಸರು ಬರಿಸಿದ್ದಾರೆ. ಅದಕ್ಕೆ ಎಷ್ಟು ವಿದ್ಯುತ್ ಖರ್ಚಾಯಿತೋ. ಹೆಸರು ಮಾತ್ರ ಒಪ್ಪುತ್ತದೆ. ಮೂಲ ಆರ್ಯಭಟ ಕ್ರಿ.ಶ. 499ರಲ್ಲಿ ಪೈ ಬೆಲೆ 3.1416 ಎಂದು ಲೆಕ್ಕ ಕೊಟ್ಟು, ಇದು 'ಆಸನ್ನ' ಎಂದೂ ಸೇರಿಸಿದ. ಆಸನ್ನ ಅಂದರೆ ಸುಮಾರು. ಅದೇ ಅರ್ಥದಲ್ಲಿ ನಮ್ಮ ಆಟೋದವರು 'ಇನ್ನೈದೇ ನಿಮಿಷ ಸಾರ್' ಎನ್ನುತ್ತಾರೆ.

2024ರಲ್ಲಿ ಅದೇ ಸಂಸ್ಥೆಯ ಶ್ರೀತೋಷ್ ಗೋಸ್ವಾಮಿ ಅವರ ತಂಡ ಒಂದು ಅಣುಪದರದಲ್ಲಿ ವಾಹಕತೆಯ 16,500 ಹಂತಗಳನ್ನು ತೋರಿಸಿತು. ಡಿಜಿಟಲ್‌ಗೆ ಇರುವುದು ಎರಡು, ಹೌದು ಮತ್ತು ಇಲ್ಲ. ಸುದ್ದಿ ಕೇಳಿ ವಿಜ್ಞಾನಿಗಳು ಬೆರಗಾದರಂತೆ. ಖಾತೆ ಬದಲಾವಣೆಗೆ ಒಂದು ಕಚೇರಿ ಸುತ್ತಿದ ನನಗೆ ಬೆರಗಾಗಲಿಲ್ಲ. 'ನೋಡೋಣ', 'ನಾಳೆ ಬನ್ನಿ', 'ಸಾಹೇಬ್ರು ಮೀಟಿಂಗಲ್ಲವ್ರೆ', 'ಫೈಲು ಮೇಲಿದೆ', 'ಆಗತ್ತೆ ಬಿಡಿ': ಹೌದಿಗೂ ಇಲ್ಲಕ್ಕೂ ನಡುವಿನ ಹಂತಗಳನ್ನು ನಾನು ನಲವತ್ತರವರೆಗೆ ಎಣಿಸಿ ಕೈಬಿಟ್ಟೆ.

ಇನ್ನು ಬಿಲ್ಲು. ಸುಮಾರಿನಲ್ಲೇ ಲೆಕ್ಕ ಹಾಕುವ ಮನುಷ್ಯನ ಮಿದುಳು ಸುಮಾರು 20 ವ್ಯಾಟ್‌ನಲ್ಲಿ ನಡೆಯುತ್ತದೆ. ಬೆಸ್ಕಾಂ ಲೆಕ್ಕದಲ್ಲಿ ತಿಂಗಳಿಗೆ 14.4 ಯೂನಿಟ್. ಗೃಹಜ್ಯೋತಿಯ 200 ಯೂನಿಟ್‌ನಲ್ಲಿ ಹದಿಮೂರು ಮಿದುಳುಗಳ ಅವಿಭಕ್ತ ಕುಟುಂಬವನ್ನು ಶೂನ್ಯ ಬಿಲ್ಲಿನಲ್ಲಿ ಸಾಕಬಹುದು. ಆದರೆ 2023ರಲ್ಲಿ ಯೋಜನೆ ಶುರುವಾದಾಗಿನ ನಿಯಮ ನೆನಪಿರಲಿ: ಹಿಂದಿನ ವರ್ಷದ ಸರಾಸರಿಯ ಮೇಲೆ ಶೇ. 10 ಮಾತ್ರ ಹೆಚ್ಚುವರಿ ಸಿಗುತ್ತಿತ್ತು. ಹಿಂದಿನ ವರ್ಷ ಮಿದುಳು ಬಳಸದವರಿಗೆ ಏಕಾಏಕಿ ಬಳಸುವ ಅವಕಾಶವಿರಲಿಲ್ಲ.

ಕರೆಂಟು ಇಷ್ಟು ಕಡಿಮೆ ಸಾಕಾದರೆ ಅಂಕಿಗಳನ್ನು ಕ್ಲೌಡಿಗೆ ಕಳಿಸದೆ, ಕೆಲಸ ನಡೆಯುವಲ್ಲೇ ಬುದ್ಧಿ ಓಡಿಸಬಹುದು; ಇದಕ್ಕೆ ಎಡ್ಜ್ ಎನ್ನುತ್ತಾರೆ. ಅದರ ಕ್ಷೇತ್ರಕಾರ್ಯಕ್ಕೆಂದು ಪೀಣ್ಯ ಎರಡನೇ ಹಂತಕ್ಕೆ ಹೋದೆ. ಶೆಡ್ಡಿನಲ್ಲಿ ಅಣ್ಣಯ್ಯನವರು ಲೇತಿಗೆ ಬೆನ್ನು ಮಾಡಿ ಟೀ ಕುಡಿಯುತ್ತಿದ್ದರು. ಮೂವತ್ತು ವರ್ಷದ ಅನುಭವ. ಲೋಟ ತುಟಿಗೆ ಹೋಗುವುದರೊಳಗೆ, ತಿರುಗಿಯೂ ನೋಡದೆ, "ಟೂಲ್ ಮೊಂಡಾಯ್ತು, ನಿಲ್ಸೋ ಮರಿ" ಎಂದರು. ಹುಡುಗ ನಿಲ್ಲಿಸಿದ. ಮೊಂಡಾಗಿತ್ತು.

"ಹೇಗೆ ಗೊತ್ತಾಯಿತು?"

"ಸೌಂಡ್ ಬೇರೆ ಬಂತಲ್ಲ ಸಾರ್."

"ನಿಖರತೆ ಶೇಕಡಾ ಎಷ್ಟು?"

"ಸುಮಾರಾಗಿ ಗೊತ್ತಾಗತ್ತೆ."

ಇಂಥ ಕೆಲಸಕ್ಕೆ ಕಂಪನಿಗಳು ಯಂತ್ರಕ್ಕೊಂದು ಸೆನ್ಸರ್ ಅಂಟಿಸಿ, ಅದರ ನಡುಕವನ್ನು ಅಂಕಿಗಳಾಗಿಸಿ, ದೂರದ ಸರ್ವರಿಗೆ ಕಳಿಸಿ, ಉತ್ತರಕ್ಕೆ ಕಾಯುತ್ತವೆ. ಅಷ್ಟರಲ್ಲಿ ನೆಟ್ ಹೋಗಿರುತ್ತದೆ. ಅಣ್ಣಯ್ಯನವರದು ಎರಡು ಇಡ್ಲಿ, ಒಂದು ಟೀಯಲ್ಲಿ ನಡೆಯುವ ಯಂತ್ರಾಂಶ. ಒಂದೇ ಕೊರತೆ, ಅವರನ್ನು ಅಪ್‌ಡೇಟ್ ಮಾಡಲಾಗದು. ಮಗ ಪ್ರಯತ್ನಿಸಿ ಸೋತಿದ್ದಾನೆ.

ಅವರ ತಲೆ ಎಷ್ಟು ವಿದ್ಯುತ್ ಎಳೆಯುತ್ತದೆಂದು ಅಳೆಯಲು ಹೊಸ ಡಿಜಿಟಲ್ ಮಲ್ಟಿಮೀಟರ್ ಒಯ್ದಿದ್ದೆ. ಚೀಲದಿಂದ ತೆಗೆದು ಗುಂಡಿ ತಿರುಗಿಸಿದೆ. ಅವರು ಲೋಟ ಕೆಳಗಿಡದೆ ಒಮ್ಮೆ ನೋಡಿದರು.

"ಬ್ಯಾಟ್ರಿ ಹಾಕಿಲ್ಲ ಸಾರ್."