ನೀಲಿ ಬಾವುಟ

ನಂಜನಗೂಡಿನ ಒಂದು ಸಹಕಾರಿ ಬ್ಯಾಂಕಿನ ಕ್ಯಾಶ್ ಕೌಂಟರಿನಲ್ಲಿ ಹದಿನೇಳು ವರ್ಷದಿಂದ ನೋಟು ಎಣಿಸುತ್ತಿದ್ದೇನೆ. ಕೈಯಲ್ಲಿ ಎರಡು ಸಲ, ಮಿಷನ್ನಿನಲ್ಲಿ ಒಂದು ಸಲ, ಮಿಷನ್ನಿನ ಮೇಲೆ ಅನುಮಾನ ಬಂದರೆ ಮತ್ತೆ ಕೈಯಲ್ಲಿ. ಕಳೆದ ತಿಂಗಳು ಸಾಲಿನಲ್ಲಿದ್ದ ಯಜಮಾನರೊಬ್ಬರು ಪಕ್ಕದವರಿಗೆ ನನಗೂ ಕೇಳಿಸುವಷ್ಟು ಮೆಲ್ಲಗೆ ಹೇಳಿದರು: "ಇವ್ರು ಮದ್ರಾಸ್ಗೋಗಿ ಬೈಕ್ ರೇಸ್ ಓಡ್ತಾರಂತೆ. ನನ್ನ ಎಂಟು ಸಾವ್ರ ಎಣಿಸೋಕೆ ಅರ್ಧ ಗಂಟೆ ಆಯ್ತು." ಸಾಲೆಲ್ಲ ನಕ್ಕಿತು. ನಾನೂ ನಕ್ಕೆ, ಅದರಿಂದ ಎಣಿಕೆ ತಪ್ಪಿ ಮೊದಲಿಂದ ಶುರುಮಾಡಬೇಕಾಯಿತು. ಯಜಮಾನರ ಮಾತಿನಲ್ಲಿ ತಪ್ಪೇನಿಲ್ಲ. ಅವರು ರೇಸ್ ನೋಡಲು ಬಂದಿದ್ದರೆ ಅಲ್ಲೂ ಇದೇ ಮಾತು ಹೇಳುತ್ತಿದ್ದರು.

ನನ್ನ ಊರು ತಗಡೂರು. ನಮ್ಮೂರಿಗೆ ಹೆಸರು ಬಂದಿದ್ದೂ ಚಕ್ರದಿಂದಲೇ, ಆದರೆ ಅದು ಚರಕದ ಚಕ್ರ. ತಗಡೂರು ರಾಮಚಂದ್ರರಾಯರು ಖಾದಿ ಕೇಂದ್ರ ಕಟ್ಟಿ ನೂಲು ತೆಗೆಸಿದ ಊರು, ಗಾಂಧೀಜಿ ಬಂದುಹೋದ ಊರು. ಅಂಥ ಊರಿನವನು ಮೈತುಂಬ ದನದ ಚರ್ಮದ ಸೂಟು ಏರಿಸಿ, ಪೆಟ್ರೋಲು ಸುಟ್ಟು, ಹೊರಟ ಜಾಗಕ್ಕೇ ವಾಪಸ್ ಬರುವ ಕೆಲಸಕ್ಕೆ ಕೈತುಂಬ ದುಡ್ಡು ಕಟ್ಟುತ್ತಾನೆ ಎಂದರೆ ರಾಯರ ಆತ್ಮಕ್ಕೆ ಏನನ್ನಿಸೀತೋ.

ಇದಕ್ಕೆಲ್ಲ ಅಪ್ಪ ಕಾರಣ. ಅಪ್ಪ ಮೈಸೂರಿನ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದ. 1961ರಲ್ಲಿ ಜಯಚಾಮರಾಜ ಒಡೆಯರು ಉದ್ಘಾಟಿಸಿದ ಕಾರ್ಖಾನೆ ಅದು, 1996ರಲ್ಲಿ ಬಾಗಿಲು ಹಾಕಿತು. ಕಾರ್ಖಾನೆ ಹೋದರೂ ಅಪ್ಪನ ಯೆಜ್ಡಿ ಉಳಿಯಿತು. ಕಿಕ್ಕರೂ ಗೇರೂ ಒಂದೇ ಲಿವರಿನಲ್ಲಿರುವ ಗಾಡಿ. ಗೊತ್ತಿಲ್ಲದವರು ಅರ್ಧ ದಿನ ಕಿಕ್ಕರ್ ಎಲ್ಲಿದೆ ಎಂದು ಹುಡುಕುತ್ತಾರೆ. ಟೂ ಸ್ಟ್ರೋಕ್ ಹೊಗೆಯ ವಾಸನೆ ಬಂದರೆ ನನಗೆ ಈಗಲೂ ಅಪ್ಪ ಮನೆಗೆ ಬಂದ ಹಾಗೆ. ನಾನು ಹಳೇ ಯಮಹಾ ಆರ್15 ತಂದು ಅಂಗಳದಲ್ಲಿ ಸ್ಟಾರ್ಟ್ ಮಾಡಿದಾಗ ಅಪ್ಪ ಜಗಲಿಯಿಂದ ಇಳಿಯಲಿಲ್ಲ. ಕೂತಲ್ಲಿಂದಲೇ ಕಿವಿಗೊಟ್ಟು, "ಒಲಿಗೆ ಮಿಷನ್ ಎಷ್ಟ್ಗೆ ತಂದೆ?" ಎಂದ.

ರೇಸಿಗೆ ಹೋಗುವ ಬೈಕನ್ನು ಸಿದ್ಧಮಾಡುವುದು ನಂಜನಗೂಡಿನವರಿಗೆ ಬೇಗ ಅರ್ಥವಾಗುತ್ತದೆ: ಬೈಕಿಗೆ ಮುಡಿ ಕೊಡಿಸಬೇಕು. ಕನ್ನಡಿ ಹೋಯಿತು, ಹೆಡ್‌ಲೈಟ್ ಹೋಯಿತು, ಇಂಡಿಕೇಟರ್, ನಂಬರ್ ಪ್ಲೇಟ್, ಹಿಂದಿನವರು ಹಿಡಿದುಕೊಳ್ಳುವ ಹಿಡಿ, ಎಲ್ಲ ಹೋಯಿತು. "ಸೈಡ್ ಸ್ಟ್ಯಾಂಡೂ ತೆಗೀಬೇಕಾ ಅಣ್ಣ? ನಿಲ್ಲೋದೆಂಗೆ?" ಎಂದು ನಮ್ಮ ಮೆಕ್ಯಾನಿಕ್ ಕೇಳಿದ. ನಿಲ್ಲುವುದು ಅದರ ಕೆಲಸವಲ್ಲ ಎಂದೆ. ಇಂಜಿನ್ ಆಯಿಲಿನ ಬೋಲ್ಟ್ ಓಡುವಾಗ ಸಡಿಲವಾಗಿ ಬಿದ್ದರೆ ಹಿಂದಿನವರೆಲ್ಲ ಎಣ್ಣೆಯ ಮೇಲೆ ಜಾರುತ್ತಾರೆ. ಅದಕ್ಕೆ ಬೋಲ್ಟಿಗೆ ತೂತು ಕೊರೆದು ತಂತಿ ಬಿಗಿಯಬೇಕು. ರೇಡಿಯೇಟರಿಗೂ ಬಣ್ಣದ ಕೂಲಂಟ್ ಹಾಕುವಂತಿಲ್ಲ, ಚೆಲ್ಲಿದರೆ ಅದೂ ಜಾರುತ್ತದೆ, ಬರೀ ನೀರು ಇರಬೇಕು. ಬರೀ ನೀರು ಎಂದದ್ದೇ ಮೆಕ್ಯಾನಿಕ್ ಕ್ಯಾನು ಹಿಡಿದು ಸ್ನಾನಘಟ್ಟಕ್ಕೆ ಹೋಗಿ ಕಪಿಲೆಯ ನೀರು ತಂದು, ಮೂರು ಪದರ ಪಂಚೆಯಲ್ಲಿ ಸೋಸಿ ಹೊಯ್ದ. ಒಳಗೆ ತೀರ್ಥ, ಹೊರಗೆ ಮುಡಿ. ಶ್ರೀಕಂಠೇಶ್ವರ ಇನ್ನು ಕೈಬಿಡುವಂತಿರಲಿಲ್ಲ.

ಮನೆಯಲ್ಲಿ ಎರಡು ಅನುಮತಿ ಬೇಕಿತ್ತು. ಹೆಂಡತಿ, ರೇಸಿನ ಫಾರಂನಲ್ಲಿ 'ತುರ್ತು ಸಂದರ್ಭದಲ್ಲಿ ಯಾರಿಗೆ ತಿಳಿಸಬೇಕು' ಎಂಬಲ್ಲಿ ತನ್ನ ನಂಬರು ಇರುವುದನ್ನು ನೋಡಿ, "ಎಲ್ಐಸಿ ಕಂತು ಕಟ್ಟಿದ್ದೀರ ತಾನೆ?" ಎಂದಳು. ಅಷ್ಟೇ. ಅವ್ವನಿಗೆ ಮಾತ್ರ ರೇಸು ಎಂದು ಹೇಳುವಂತಿರಲಿಲ್ಲ. ಟ್ರ್ಯಾಕ್ ಇರುವುದು ಇರುಂಗಾಟ್ಟುಕೋಟ್ಟೈ, ಶ್ರೀಪೆರಂಬುದೂರಿನ ಪಕ್ಕ. ಶ್ರೀಪೆರಂಬುದೂರು ರಾಮಾನುಜಾಚಾರ್ಯರು ಹುಟ್ಟಿದ ಊರು. ಆ ಆಚಾರ್ಯರು ನಮ್ಮ ಮೇಲುಕೋಟೆಯಲ್ಲಿ ನೆಲೆನಿಂತಿದ್ದರಲ್ಲ, ಅವರು ಹುಟ್ಟಿದ ಊರಿಗೆ ಹೋಗುತ್ತಿದ್ದೇನೆ ಎಂದೆ. ಒಂದಕ್ಷರ ಸುಳ್ಳಿಲ್ಲ. "ಹೋಗ್ಬುಟ್ಟು ಬಾ ಕಂದಾ, ಪ್ರಸಾದ ತತ್ತಾ" ಎಂದಳು ಅವ್ವ. ಜಗಲಿಯ ಮೇಲೆ ಅಪ್ಪ ಕೆಮ್ಮಿದ.

ಗುರುವಾರ ರಾತ್ರಿ ಭಾಮೈದನ ಟಾಟಾ ಏಸಿನಲ್ಲಿ ಹೊರಟೆವು. ಅದು ದಿನಾ ಮೈಸೂರಿಗೆ ಬಾಳೆಗೊನೆ ಹೊರುವ ಗಾಡಿ; ಬೈಕಿಗೆ ಎರಡು ಕಡೆ ಬಾಳೆರವದಿಯೇ ಮೆತ್ತೆ. ಕಡಕೊಳದ ಹತ್ತಿರ ಟಿವಿಎಸ್ ಕಾರ್ಖಾನೆಯಿಂದ ಹೊಸ ಬೈಕು ಹೊತ್ತ ಲಾರಿಗಳು ಹೊರಡುತ್ತಿದ್ದವು, ಹಲ್ಲು ಕಿತ್ತ ನಮ್ಮ ಬೈಕು ಅವನ್ನು ನೋಡಿಕೊಂಡು ಹೋಯಿತು. ಮೈಸೂರು–ಬೆಂಗಳೂರು ಎಕ್ಸ್‌ಪ್ರೆಸ್‌ವೇಯಲ್ಲಿ 2023ರ ಆಗಸ್ಟ್ 1ರಿಂದ ಬೈಕುಗಳಿಗೆ ಪ್ರವೇಶವಿಲ್ಲ. ಬೈಕು ತನ್ನ ಕಾಲ ಮೇಲೆ ಹೋದರೆ ತಪ್ಪು, ಸಾಮಾನಿನ ಹಾಗೆ ಮಲಗಿ ಹೋದರೆ ಸರಿ. ಕೃಷ್ಣಗಿರಿ ದಾಟಿ ಆಂಬೂರಿನಲ್ಲಿ ಭಾಮೈದ ಬಿರಿಯಾನಿಗೆಂದು ಗಾಡಿ ನಿಲ್ಲಿಸಿದ. ಆಂಬೂರು ಚರ್ಮದ ಊರು. ನನ್ನ ಸೂಟಿನ ದನ ಇಲ್ಲೇ ಎಲ್ಲೋ ಹದವಾಗಿರಬೇಕು ಎಂದುಕೊಂಡು ನಾನು ಬರೀ ಮೊಸರು ಬಜ್ಜಿ ತಿಂದೆ.

ರೇಸ್ ನಡೆಸುವ ಮದ್ರಾಸ್ ಮೋಟಾರ್ ಸ್ಪೋರ್ಟ್ಸ್ ಕ್ಲಬ್ 1953ರದ್ದು. ಮೊದಲು ಷೋಲಾವರಂನ ಹಳೇ ವಿಮಾನ ರನ್‌ವೇ ಮೇಲೆ ರೇಸ್ ಮಾಡಿಸುತ್ತಿದ್ದರು, 1990ರಲ್ಲಿ ಈ ಟ್ರ್ಯಾಕ್ ಬಂತು. ಉದ್ದ 3.7 ಕಿಲೋಮೀಟರ್, ತಿರುವು 12. ಎದುರಿನಿಂದ ಯಾರೂ ಬರುವುದಿಲ್ಲ, ಉಬ್ಬಿಲ್ಲ, ಹಳ್ಳವಿಲ್ಲ, ರಾಗಿ ಒಕ್ಕಣೆಯಿಲ್ಲ, ದನವಿಲ್ಲ. ನಂಜನಗೂಡು ತಾಲ್ಲೂಕಿನವನಿಗೆ ಇದಕ್ಕಿಂತ ಭಯ ಹುಟ್ಟಿಸುವ ರಸ್ತೆಯಿಲ್ಲ: ನಿಧಾನ ಹೋಗಲು ಒಂದು ನೆಪವೂ ಸಿಗುವುದಿಲ್ಲ.

ನನ್ನದು ನೋವಿಸ್ ವಿಭಾಗ, 165 ಸಿಸಿ. ನನಗೆ ನಲವತ್ತಮೂರು, ಉಳಿದವರಲ್ಲಿ ಬಹಳಷ್ಟು ಮಂದಿ ಕಾಲೇಜು ಹುಡುಗರು. ಪಕ್ಕದ ಟೆಂಟಿನಲ್ಲಿ ಬೇರೆ ವಿಭಾಗದ ಬೆಂಗಳೂರಿನ ಒಬ್ಬ ಹುಡುಗ, ಮೀಸೆ ಮೂಡದವನು. ಅವನಪ್ಪ ಚೈನಿಗೆ ಎಣ್ಣೆ ಬಿಡುತ್ತಿದ್ದರೆ ಅಮ್ಮ ಕಲಸಿದನ್ನ ತಿನ್ನಿಸುತ್ತಿದ್ದರು. ಶುಕ್ರವಾರದ ಪ್ರಾಕ್ಟೀಸ್ ಮುಗಿದ ಮೇಲೆ ನನ್ನ ಬಳಿ ಬಂದು ನಿಜವಾದ ಕಳಕಳಿಯಿಂದ ಕೇಳಿದ: "ಅಂಕಲ್, ಫಸ್ಟ್ ಕಾರ್ನರ್‌ಗೆ ಅಷ್ಟು ಬೇಗ ಯಾಕೆ ಬ್ರೇಕ್ ಹಿಡೀತೀರಾ?"

"ಮನೆ ಸಾಲ ಇದೆ ಪುಟ್ಟ."

ಅವನು ಒಂದು ಕ್ಷಣ ಯೋಚಿಸಿ, "ಓ, ವೆಯ್ಟ್ ಜಾಸ್ತಿ" ಎಂದು ತಲೆಯಾಡಿಸಿದ. ಮುಂದಿನ ಚಕ್ರ ನೋಡಬೇಡಿ, ಹೋಗಬೇಕಾದ ಜಾಗ ನೋಡಿ, ಬೈಕು ತಾನೇ ಹೋಗುತ್ತದೆ ಎಂದು ಪಾಠವನ್ನೂ ಹೇಳಿದ. ಅವನು ಟ್ರ್ಯಾಕಿಗೆ ಇಳಿದಾಗ ಅವನಮ್ಮ ಟೆಂಟಿನೊಳಗೆ ಗೋಡೆ ಕಡೆ ತಿರುಗಿ ಕೂತರು. 2023ರ ಆಗಸ್ಟಿನಲ್ಲಿ ಇದೇ ಟ್ರ್ಯಾಕಿನಲ್ಲಿ ಬೆಂಗಳೂರಿನ 13 ವರ್ಷದ ಹುಡುಗನೊಬ್ಬ ಬಿದ್ದು ತೀರಿಕೊಂಡ. ಆ ವಿಷಯ ಅಲ್ಲಿ ಯಾರೂ ಎತ್ತುವುದಿಲ್ಲ, ಎಲ್ಲರಿಗೂ ಗೊತ್ತು. ಮಗ ವಾಪಸ್ ಬಂದ ಸದ್ದು ಕೇಳಿದ ಮೇಲೆ ಆ ತಾಯಿ ಎದ್ದು ನಮಗೂ ಕಾಫಿ ಕೊಟ್ಟರು.

ಸೂಟಿನ ವಿಷಯ ಹೇಳಬೇಕು. ಹೊಸ ಚರ್ಮದ ಸೂಟು ಬೆವರಿದ ಮೈಗೆ ಏರುವುದಿಲ್ಲ, ಪೌಡರು ಬೇಕು. ಶನಿವಾರ ಬೆಳಿಗ್ಗೆ, ಮದ್ರಾಸಿನ ಸೆಕೆ, ಕ್ವಾಲಿಫೈಯಿಂಗಿಗೆ ಇಪ್ಪತ್ತು ನಿಮಿಷ, ಒಂದು ಕಾಲು ಒಳಗೆ ಒಂದು ಹೊರಗೆ. ಬ್ಯಾಗು ಜಾಲಾಡಿದರೆ ಸಿಕ್ಕಿದ್ದು ಹೆಂಡತಿ ಇಟ್ಟಿದ್ದ ನಂಜನಗೂಡು ಹಲ್ಲುಪುಡಿಯ ಪೊಟ್ಟಣ. ಪುಡಿ ಪುಡಿಯೇ ಎಂದ ಭಾಮೈದ. ಅವನೊಂದು ಕಡೆ ಮೆಕ್ಯಾನಿಕ್ ಒಂದು ಕಡೆ ಹಿಡಿದು, ಮೂಟೆಗೆ ರಾಗಿ ತುಂಬಿದ ಹಾಗೆ ನನ್ನನ್ನು ಕುಲುಕಿ ಕುಲುಕಿ ಒಳಗೆ ಇಳಿಸಿದರು. ಪಿಟ್‌ನಲ್ಲಿ ಪಕ್ಕ ನಿಂತಿದ್ದ ಹೊಸೂರಿನ ಸ್ಪರ್ಧಿಯೊಬ್ಬರು ಮೂಗರಳಿಸಿ ನನ್ನ ಕತ್ತಿನ ಗುಲಾಬಿ ಬಣ್ಣ ನೋಡಿ, "ನಂಜನಗೂಡಾ?" ಎಂದರು. ಹೇಗೆ ಗೊತ್ತಾಯಿತು ಎಂದೆ. ಅವರು ಹಲ್ಲಿನ ಡಾಕ್ಟರು.

ಸವಾರರನ್ನೆಲ್ಲ ಕೂರಿಸಿ ಬಾವುಟಗಳ ಪಾಠ ಮಾಡಿದರು. ಹಳದಿಯೆಂದರೆ ಮುಂದೆ ಅಪಾಯ, ಯಾರನ್ನೂ ಹಿಂದೆ ಹಾಕುವಂತಿಲ್ಲ. ಕೆಂಪೆಂದರೆ ರೇಸ್ ನಿಂತಿತು. ಹಳದಿಯಲ್ಲಿ ಕೆಂಪು ಪಟ್ಟೆಯಿದ್ದರೆ ರಸ್ತೆ ಜಾರುತ್ತಿದೆ. ನೀಲಿಯೆಂದರೆ ನಿನಗಿಂತ ಜೋರಿನವನು ಹಿಂದೆ ಬಂದಿದ್ದಾನೆ, ಅಡ್ಡ ಬರಬೇಡ. ಬೇರೆ ಬಾವುಟಗಳ ವಿಷಯ ನಾನು ಕೇಳಿದ್ದು ಮಾತ್ರ. ನೀಲಿಯನ್ನು ಅನುಭವದಿಂದ ಬಲ್ಲೆ.

ಶನಿವಾರ ಸಂಜೆ ಮೊದಲ ರೇಸು, 6 ಸುತ್ತು. ಕೊನೆಯ ಸಾಲಿನಲ್ಲಿ ನಿಂತಿದ್ದೆ. ಕೆಂಪು ದೀಪ ಆರಿತು, ಇಪ್ಪತ್ತೆರಡು ಬೈಕು ಒಟ್ಟಿಗೆ ಕಿರುಚಿದವು, ಕ್ಲಚ್ಚು ಬಿಟ್ಟೆ, ತಲೆಯೆತ್ತಿದರೆ ಯಾರೂ ಇಲ್ಲ. ರೇಸ್ ಎಂದರೆ ಜೊತೆಯಲ್ಲಿ ಓಡುವುದು ಎಂದುಕೊಂಡಿದ್ದವನಿಗೆ ಒಳ್ಳೇ ಏಕಾಂತ ಸಿಕ್ಕಿತು. ನೇರದಲ್ಲಿ ವೇಗ 120 ದಾಟಿದಾಗ ಹೆಲ್ಮೆಟ್ಟಿನೊಳಗೆ ನಾನೇ ನನಗೆ ಶಭಾಷ್ ಹೇಳಿಕೊಂಡೆ, ಬೇರೆ ಹೇಳುವವರಿರಲಿಲ್ಲ. ನಾಲ್ಕನೇ ಸುತ್ತು ಮುಗಿಯುವ ಹೊತ್ತಿಗೆ ಒಬ್ಬ ಮಾರ್ಷಲ್ ನೀಲಿ ಬಾವುಟ ಜೋರಾಗಿ ಬೀಸತೊಡಗಿದ. ಗುರುತು ಹಿಡಿದು ಮಾತಾಡಿಸುತ್ತಿದ್ದಾನೆ ಎನ್ನಿಸಿ ತಲೆಬಾಗಿಸಿದೆ. ಅಷ್ಟರಲ್ಲಿ ಎಡಗಡೆ ಒಂದು, ಬಲಗಡೆ ಎರಡು, ಗಾಳಿಯ ಹಾಗೆ ಹೋದವು. ನಂಜನಗೂಡು ರಸ್ತೆಯಲ್ಲಿ ಕಬ್ಬಿನ ಟ್ರ್ಯಾಕ್ಟರನ್ನು ಬಯ್ದುಕೊಂಡು ದಾಟಿದ್ದೆಲ್ಲ ಆಗ ನೆನಪಾಯಿತು. ಇಲ್ಲಿ ಕಬ್ಬು ಹೊತ್ತಿದ್ದವನು ನಾನು.

ಮೊದಲಿಗ ಗೆರೆ ದಾಟಿದ ಮೇಲೆ ಉಳಿದವರಿಗೂ ಅಲ್ಲಿಗೇ ಮುಗಿಯುತ್ತದೆ. ಹಾಗಾಗಿ 6 ಸುತ್ತಿಗೆ ದುಡ್ಡು ಕಟ್ಟಿ 5 ಓಡಿ ಬಂದೆ. ಹದಿನೆಂಟೂವರೆ ಕಿಲೋಮೀಟರ್. ಇದಕ್ಕಾಗಿ ಹೋಗಿಬರುವ ದಾರಿ ಸುಮಾರು ಸಾವಿರ ಕಿಲೋಮೀಟರ್.

ಭಾನುವಾರದ ರೇಸಿನಲ್ಲಿ ನನಗೊಬ್ಬ ವೈರಿ ಸಿಕ್ಕಿದ. ಅದೇ ಹಲ್ಲಿನ ಡಾಕ್ಟರು. ಎರಡನೇ ಸುತ್ತಿನಿಂದ ಅವರ ಹಿಂದಿನ ಟೈರು ಬಿಟ್ಟು ನನಗೆ ಪ್ರಪಂಚವೇ ಕಾಣಲಿಲ್ಲ. ನಮ್ಮಿಬ್ಬರನ್ನು ಯಾರೂ ನೋಡುತ್ತಿರಲಿಲ್ಲ, ಕಾಮೆಂಟರಿಯಲ್ಲಿ ಹೆಸರು ಬರಲಿಲ್ಲ, ಮುಂದಿನವನಿಗೂ ನಮಗೂ ಅರ್ಧ ಊರಿನ ದೂರ. ಆದರೂ ಅವರು ಬಾಗಿದಲ್ಲಿ ನಾನು ಬಾಗಿದೆ, ನಾನು ಒಳಗೆ ನುಗ್ಗಿದರೆ ಅವರು ಬಾಗಿಲು ಹಾಕಿದರು. ಮೊಟ್ಟಮೊದಲ ಸಲ ಬ್ರೇಕನ್ನು ಮರೆತೆ. ಮನೆ ಸಾಲವೂ ನೆನಪಿಗೆ ಬರಲಿಲ್ಲ. ಕೊನೆಯ ಸುತ್ತಿನಲ್ಲಿ ಡಾಕ್ಟರು ಜಾರಿ, ಕೂತ ಭಂಗಿಯಲ್ಲೇ ಜಲ್ಲಿಯೊಳಗೆ ಹೋಗಿ ನಿಂತರು. ಎದ್ದು ಮೈ ಕೊಡವಿದ್ದು ಕಂಡಿತು. ಅದು ಕಾಣುವ ಮುಂಚೆಯೇ ನನಗೆ ಖುಷಿಯಾಗಿತ್ತು ಎಂಬುದನ್ನು ಇಲ್ಲಿ ಒಪ್ಪಿಕೊಳ್ಳುತ್ತೇನೆ.

ಫಲಿತಾಂಶದ ಹಾಳೆ ಅಂಟಿಸಿದರು. ಹೊರಟವರು 22, ಬಿದ್ದವರು 3. ನಾನು 19ನೆಯವನು.

ಪ್ಯಾಡಕ್ಕಿನಲ್ಲಿ ಭಾಮೈದ ನನ್ನ ಸೂಟಿನ ಮೊಣಕಾಲು ಹಿಡಿದು ನೋಡುತ್ತಿದ್ದ. ತಿರುವಿನಲ್ಲಿ ಬಾಗಿದಾಗ ನೆಲಕ್ಕೆ ಉಜ್ಜಲೆಂದು ಅಲ್ಲೊಂದು ಪ್ಲಾಸ್ಟಿಕ್ ಬಿಲ್ಲೆ ಇರುತ್ತದೆ. ಹುಡುಗರ ಬಿಲ್ಲೆಗಳು ಸವೆದು ಅರ್ಧವಾಗಿದ್ದವು, ನನ್ನವು ಅಂಗಡಿಯಲ್ಲಿ ಇದ್ದ ಹಾಗೇ ಹೊಳೆಯುತ್ತಿದ್ದವು. "ಊರಲ್ಲಿ ಏನ್ ತೋರ್ಸೋದು ಭಾವ?" ಎಂದವನೇ ಎರಡನ್ನೂ ಕಿತ್ತು, ಕಾಂಕ್ರೀಟು ನೆಲಕ್ಕೆ ಹಾಕಿ ಚೆನ್ನಾಗಿ ತೇಯ್ದ, ಗಂಧ ತೇಯ್ದ ಹಾಗೆ.

ಬರುವಾಗ ಶ್ರೀಪೆರಂಬುದೂರಿನ ಆದಿಕೇಶವ ಪೆರುಮಾಳ್ ಗುಡಿಗೆ ಹೋಗಿ ಪ್ರಸಾದ ತಂದೆವು. ಕೊಟ್ಟ ಮಾತು.

ಸೋಮವಾರ ಬೆಳಿಗ್ಗೆ ಟೀ ಅಂಗಡಿಯಲ್ಲಿ ಆಗಲೇ ಸುದ್ದಿ ಹಬ್ಬಿತ್ತು. "ಬಿಗ್ ಬಾಸಲ್ಲಿದ್ನಲ್ಲ ಅರವಿಂದ, ಅವ್ನೂ ಬೈಕ್ ರೇಸಿನೋನೆಯಾ?" ಎಂದು ಒಬ್ಬ ಕೇಳಿದ. ಹೌದು, ಉಡುಪಿಯ ಕೆ.ಪಿ. ಅರವಿಂದ್, 2019ರಲ್ಲಿ ಡಾಕರ್ ರ್ಯಾಲಿ ಮುಗಿಸಿ 37ನೇ ಸ್ಥಾನ ಪಡೆದವರು, ದಿನಗಟ್ಟಲೆ ಮರಳುಗಾಡಿನಲ್ಲಿ ಓಡಿಸುವ ರ್ಯಾಲಿ ಅದು ಎಂದು ವಿವರಿಸಿದೆ. ಅವನು ಲೋಟ ಕೆಳಗಿಟ್ಟ. "ಮೂವತ್ತೇಳ್ನೇದು ಬಂದೋನ್ಗೇ ಟೀವಿಲಿ ಮನೆ ಕೊಟ್ರು. ನೀನು ಹತ್ತೊಂಬತ್ನೇದು ಬಂದಿದ್ದೀಯ, ನಿಂಗೇನು ಕೊಟ್ರು?" ಲೆಕ್ಕ ಸರಿಯಿತ್ತು. ನಾನು ತಿದ್ದಲು ಹೋಗಲಿಲ್ಲ, ಟೀ ದುಡ್ಡನ್ನೂ ಅವನೇ ಕೊಟ್ಟ.

ಮನೆಯಲ್ಲಿ ಅವ್ವ ಪ್ರಸಾದ ಕಣ್ಣಿಗೊತ್ತಿಕೊಂಡಳು. ಆಮೇಲೆ ಒಣಗಲು ಹಾಕಿದ್ದ ಸೂಟಿನ ಮೊಣಕಾಲು ಮುಟ್ಟಿ, "ಇದ್ಯಾಕ್ ಇಂಗ್ ತೇದೋಗದ?" ಎಂದಳು. ನಾನು ಬಾಯಿ ತೆರೆಯುವ ಮುಂಚೆ ಅಪ್ಪ ಜಗಲಿಯಿಂದ ಹೇಳಿದ: "ಪ್ರದಕ್ಷಿಣೆ ಹಾಕವ್ನೆ. ಬಿರ್ರನೆ."

"ಸುತ್ತಿ ಸುತ್ತಿ ಅಲ್ಲಿಗೇ ಬರೋದಾ?"

"ಊಂ."

"ಗಾಣದೆತ್ತಾದ್ರೂ ಎಣ್ಣೆ ತಗೀತದ" ಎಂದು ಅವ್ವ ಒಳಗೆ ಹೋದಳು.

ಮುಂದಿನ ತಿಂಗಳ ರೇಸಿಗೂ ಹೆಸರು ಕೊಟ್ಟಿದ್ದೇನೆ, ಶುಕ್ರವಾರಕ್ಕೆ ರಜೆಯೂ ಮಂಜೂರಾಗಿದೆ. ಬ್ಯಾಂಕಿನಲ್ಲಿ ದುಡ್ಡಿನ ಕೆಲಸ ಇರುವವರು ದಯವಿಟ್ಟು ಆ ಶುಕ್ರವಾರವೇ ಬನ್ನಿ. ನನ್ನ ಜಾಗದಲ್ಲಿ ಕೂರುವ ಹುಡುಗಿ ಬಹಳ ಬೇಗ ಎಣಿಸುತ್ತಾಳೆ.