ಹೊಟ್ಟೆಯಲ್ಲಿ ಚೀಟಿ ಹೊತ್ತವಳು

ಅಮೆರಿಕದ ಸಿಬಿಎಸ್ ವಾಹಿನಿಯ 'ಸರ್ವೈವರ್' ಶೋ 2000ನೇ ಇಸವಿಯಿಂದ ನಡೆಯುತ್ತಿದೆ. ದ್ವೀಪದಲ್ಲಿ ಅರೆಹೊಟ್ಟೆಯಲ್ಲಿದ್ದುಕೊಂಡು ಒಬ್ಬರನ್ನೊಬ್ಬರು ವೋಟು ಹಾಕಿ ಓಡಿಸುವ ಆಟ. ಕೊನೆಗೆ ಉಳಿದ ಎರಡು ಮೂರು ಜನರಲ್ಲಿ ಹತ್ತು ಲಕ್ಷ ಡಾಲರ್ ಯಾರಿಗೆ ಎಂದು ಹೇಳುವ ಜ್ಯೂರಿ, ಹಾಗೆ ಓಡಿಸಿಕೊಂಡವರದೇ. ಅವರ ಚೀಟಿ ಬೀಳುವ ಗಡಿಗೆ ಮಾತಿಗೆ ಸಿಕ್ಕಳು. ಅಭ್ಯಾಸಬಲ, ಕಂಡ ಕೂಡಲೇ ಬೆರಳು ಮಡಿಸಿ ಎರಡು ಸಲ ತಟ್ಟಿ ನೋಡಿದೆ. ಟಣ್ ಎಂದಿತು. ಒಡಕಿಲ್ಲ.

ನಾನು: ಗಡಿಗೆಮ್ಮ, ನಮಸ್ಕಾರ. ನಿಮ್ಮ ಕೆಲಸ ಏನು?

ಗಡಿಗೆ: ಹಾಕಿದ್ದನ್ನ ಹೊಟ್ಟೇಲಿಟ್ಟುಕೊಂಡು ಸುಮ್ಮನಿರೋದು. ಊರ ಬಾಯಿ ಮುಚ್ಚೋಕಾಗಲ್ಲ, ನನ್ನ ಬಾಯಿ ಮುಚ್ಚಬಹುದು. ಅದಕ್ಕೇ ಕೆಲಸ ಸಿಕ್ಕಿದ್ದು. ಆಟ ಪೂರ್ತಿ ಇವರು ಬರೆದು ಹಾಕೋದು 'ಇವನು ತೊಲಗಲಿ' ಅನ್ನೋ ಹೆಸರು. ಕೊನೇ ರಾತ್ರಿ ಮಾತ್ರ 'ಇವನು ಗೆಲ್ಲಲಿ' ಅನ್ನೋ ಹೆಸರು ಬರೀಬೇಕು. ನಿರೂಪಕ ಜೆಫ್ ಪ್ರೋಬ್ಸ್ಟ್ ಅದನ್ನ ಬಾಯಿಬಿಟ್ಟು ನೆನಪಿಸ್ತಾನೆ. ಕೈಗೆ ಹಳೇ ಅಭ್ಯಾಸ ಅಂಟಿರುತ್ತೆ ನೋಡು.

ನಾನು: ಚೆನ್ನಾಗಿ ಆಡಿದವರಿಗೆ ತಾನೇ ಗೆಲುವಿನ ವೋಟು?

ಗಡಿಗೆ: (ನಗು. ಖಾಲಿ ಹೊಟ್ಟೆ, ಹಾಗಾಗಿ ಸ್ವಲ್ಪ ಜೋರಾಗಿಯೇ ಕೇಳಿಸಿತು.) ಮೊದಲನೇ ಸೀಸನ್ ಕಥೆ ಕೇಳು. ಮಲೇಷ್ಯಾದ ಪುಲಾವ್ ಟಿಗಾ ದ್ವೀಪ. ಕೊನೆಗೆ ಉಳಿದಿದ್ದು ರಿಚರ್ಡ್ ಹ್ಯಾಚ್, ಕೆಲ್ಲಿ ವಿಗಲ್ಸ್‌ವರ್ತ್. ಜ್ಯೂರಿ ಏಳು ಜನ. ಅದರಲ್ಲೊಬ್ಬ ಗ್ರೆಗ್ ಬುಯಿಸ್, ಎದ್ದುನಿಂತು ಒಂದರಿಂದ ಹತ್ತರೊಳಗೆ ಒಂದು ಸಂಖ್ಯೆ ಹೇಳಿ ಅಂದ. ರಿಚರ್ಡ್ ಏಳು ಅಂದ, ಕೆಲ್ಲಿ ಮೂರು ಅಂದಳು. ಹುಡುಗ ಮನಸ್ಸಲ್ಲಿಟ್ಟುಕೊಂಡಿದ್ದು ಒಂಬತ್ತು. ವೋಟು ರಿಚರ್ಡ್‌ಗೆ. ಫಲಿತಾಂಶ ಎಷ್ಟು ಗೊತ್ತಾ? 4-3.

ನಾನು: ತಮಾಷೆಗೆ ಕೇಳಿರಬಹುದು.

ಗಡಿಗೆ: ಕೇಳಿರಬಹುದಪ್ಪ. ತಮಾಷೆ ವೋಟು, ಸಿಟ್ಟಿನ ವೋಟು, ಮೆಚ್ಚುಗೆ ವೋಟು, ಎಲ್ಲ ನನ್ನ ಹೊಟ್ಟೇಲಿ ಒಂದೇ ತೂಕ. ಚೀಟೀಲಿ ಹೆಸರಿಗೆ ಜಾಗ ಇದೆ, ಕಾರಣಕ್ಕೆ ಇಲ್ಲ. ಕಾರಣ ಕ್ಯಾಮೆರಾ ಮುಂದೆ ನಿಂತಾಗ ತಾನಾಗಿ ಹೊಳೆಯುತ್ತೆ.

ನಾನು: ರಸೆಲ್ ಹ್ಯಾಂಟ್ಸ್‌ನಂಥ ಆಟಗಾರನಿಗೇ ಜ್ಯೂರಿ ಕೈಕೊಟ್ಟಿತಲ್ಲ?

ಗಡಿಗೆ: 2009, ಸಮೋವಾ ಸೀಸನ್. ಮೊದಮೊದಲ ರಾತ್ರಿಗಳಲ್ಲೇ ತನ್ನ ತಂಡದವರ ಕುಡಿಯೋ ನೀರನ್ನ ಕದ್ದು ಚೆಲ್ಲಿದ ಪುಣ್ಯಾತ್ಮ. ಒಬ್ಬನ ಸಾಕ್ಸ್ ಬೆಂಕಿಗೆ ಹಾಕಿದ. ನೀರು ಚೆಲ್ಲಿದವನನ್ನ ಬೇರೆ ಯಾರು ಕ್ಷಮಿಸಿದರೂ ಗಡಿಗೆ ಕ್ಷಮಿಸುತ್ತಾ? ಕಣ್ಣಿಗೆ ಬಿದ್ದವರನ್ನೆಲ್ಲ ಉರುಳಿಸಿ ಫೈನಲ್‌ಗೆ ಬಂದ. ಸದ್ದಿಲ್ಲದೆ ಜೊತೆಗಿದ್ದ ನಟಾಲಿ ವೈಟ್‌ಗೆ ಏಳು ವೋಟು, ಇವನಿಗೆ ಎರಡು. ಮರುವರ್ಷ ಮತ್ತೆ ಬಂದ, ಮತ್ತೆ ಫೈನಲ್. ಸಾಂಡ್ರಾ ಡಯಾಜ್-ಟ್ವೈನ್‌ಗೆ ಆರು, ಪಾರ್ವತಿ ಶಾಲೋಗೆ ಮೂರು, ಇವನಿಗೆ ಸೊನ್ನೆ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ದೊಣ್ಣೆ ಕೆತ್ತಿ ಅವರ ಕೈಗೆ ಕೊಟ್ಟವನೂ ಇವನೇ.

ನಾನು: ಆದರೆ ಪ್ರೇಕ್ಷಕರು ಎರಡೂ ಸಲ ಅವನನ್ನೇ ಮೆಚ್ಚಿ ವೋಟು ಹಾಕಿ ಲಕ್ಷ ಡಾಲರ್ ಕೊಡಿಸಿದರು. ನಮ್ಮ ಬಿಗ್ ಬಾಸ್‌ನಲ್ಲಿ ಗೆಲ್ಲಿಸೋದೂ ಜನರ ವೋಟೇ. ಇಲ್ಲೂ ಹಾಗೇ ಮಾಡಬಾರದಾ?

ಗಡಿಗೆ: ಪ್ರೇಕ್ಷಕರ ನೀರನ್ನ ಯಾರು ಚೆಲ್ಲಿದ್ದಾರೆ? ಸೋಫಾ ಮೇಲೆ ಕೂತವರಿಗೆ ಚೂರಿಯ ಹೊಳಪು ಕಾಣುತ್ತೆ. ಅಲ್ಲಿ ನೀನು ಅಭಿಮಾನಿಗಳನ್ನ ಸಂಪಾದಿಸಿದರೆ ಸಾಕು. ಇಲ್ಲಿ ಯಾರ ಬೆನ್ನಿಗೆ ಚೂರಿ ಹಾಕಿದೆಯೋ ಅವನ ಹತ್ತಿರಾನೇ ಹೋಗಿ, 'ಹಾಕಿದ ರೀತಿ ಚೆನ್ನಾಗಿತ್ತು ಅಲ್ವಾ' ಅಂತ ಕೇಳಬೇಕು. ಅವನು 'ಹೌದು, ಕೈಚಳಕ ಇತ್ತು' ಅನ್ನಬೇಕು. ಅನ್ನಿಸೋದೇ ಆಟ.

ನಾನು: ಸೋತವರ ಮನಸ್ಸು ಅಷ್ಟು ಬೇಗ ತಿಳಿಯಾಗುತ್ತಾ?

ಗಡಿಗೆ: ಅವರು ಬಂದು ಕೂರೋದನ್ನ ನೋಡಬೇಕು ನೀನು. ಔಟಾದ ಮೇಲೆ 'ಪಾಂಡರೋಸಾ' ಅನ್ನೋ ಬಿಡಾರ. ಸ್ನಾನ, ಹಾಸಿಗೆ, ಹೊಟ್ಟೆ ತುಂಬ ಊಟ. ಮುಂದಿನ ವೋಟಿನ ಸಭೆಗೆ ಗಡ್ಡ ಕೆರೆದು, ಒಗೆದ ಬಟ್ಟೆ ಹಾಕಿಕೊಂಡು ಬರ್ತಾರೆ. ಎದುರಿಗೆ ಎಲುಬು ಎಣಿಸೋ ಹಾಗೆ ಕೂತಿರ್ತಾರೆ ಆಟದಲ್ಲಿರೋರು. ಜ್ಯೂರಿ ಮಾತಾಡೋ ಹಾಗಿಲ್ಲ. ಹುಬ್ಬು ಏರಿಸಬಹುದು, ಪಕ್ಕದವರನ್ನ ನೋಡಿ ನಗಬಹುದು. ಹೊಟ್ಟೆ ತುಂಬಿದೆ, ಬಾಯಿ ಕಟ್ಟಿದೆ, ಮಾಡೋಕೆ ಬೇರೆ ಕೆಲಸ ಇಲ್ಲ. ಆದದ್ದನ್ನ ಮೆಲುಕು ಹಾಕ್ತಾ ಕೂತರೆ ತಿಳಿಯಾಗುತ್ತೋ ಹುಳಿಯಾಗುತ್ತೋ?

ನಾನು: ಸಿಟ್ಟಲ್ಲಿ ಹಾಕಿದ ವೋಟು ಗುರಿ ಮುಟ್ಟುತ್ತಾ?

ಗಡಿಗೆ: ಒಂದೊಂದು ಸಲ ಸುತ್ತಿಕೊಂಡು ಹೋಗಿ ಮುಟ್ಟುತ್ತೆ! 2004ರ ಆಲ್ ಸ್ಟಾರ್ಸ್ ಸೀಸನ್. ರಾಬ್ ಮರಿಯಾನೋ ಗೆಳೆಯರಿಗೇ ಟೋಪಿ ಹಾಕಿದ್ದ. ಜ್ಯೂರಿ ಹಲ್ಲು ಕಡಿದುಕೊಂಡು 4-3ರಲ್ಲಿ ಆಂಬರ್ ಬ್ರಿಕಿಚ್‌ಳನ್ನ ಗೆಲ್ಲಿಸಿತು. ಆ ಪುಣ್ಯಾತ್ಮ ಫಲಿತಾಂಶ ಓದೋಕೆ ಮುಂಚೆನೇ ವೇದಿಕೆ ಮೇಲೆ ಅವಳಿಗೆ ಉಂಗುರ ತೋರಿಸಿ ಮದುವೆ ಕೇಳಿದ್ದ. ಮದುವೇನೂ ಆಯ್ತು. ಅವನಿಗೆ ಸಿಗಬಾರದು ಅಂತ ಕೊಡದ ದುಡ್ಡು ಅವನ ಮನೆಗೇ ಹೋಯ್ತು. ಆ ರಾತ್ರಿ ನಾನು ಒಡೆದುಹೋಗೋ ಹಾಗೆ ನಕ್ಕಿದ್ದೆ.

ನಾನು: ಸರಿಸಮ ವೋಟು ಬಂದರೆ?

ಗಡಿಗೆ: 2018ರಲ್ಲಿ ಒಮ್ಮೆ ಬಂತು, 5-5. ಮೂರನೇ ಫೈನಲಿಸ್ಟ್ ಲಾರೆಲ್ ಜಾನ್ಸನ್, ತನಗೊಂದೂ ವೋಟು ಬೀಳದವಳು, ಎದ್ದು ಬಂದು ವೆಂಡೆಲ್ ಹಾಲೆಂಡ್ ಹೆಸರು ಬರೆದಳು. ಒಂದೂ ಸಿಗದವಳ ಒಂದು ವೋಟಿಗೆ ಹತ್ತು ಲಕ್ಷ ಡಾಲರ್ ಬೆಲೆ.

ನಾನು: ನಿಮ್ಮ ವಂಶದಲ್ಲಿ ಇದಕ್ಕಿಂತ ಮೇಲಾದ ಪದ್ಧತಿ ಕಂಡವರು ಇದ್ದಾರಾ?

ಗಡಿಗೆ: ನಿಮ್ಮ ಪಕ್ಕದ ತಮಿಳುನಾಡಿನ ಉತ್ತಿರಮೇರೂರಲ್ಲಿ ನಮ್ಮ ಮುತ್ತಜ್ಜಿ ಇದ್ದಳು. ಹತ್ತನೇ ಶತಮಾನ, ಪರಾಂತಕ ಚೋಳನ ಕಾಲ, ಶಾಸನಾನೇ ಇದೆ. ಊರಸಭೆಗೆ ಅರ್ಹರ ಹೆಸರನ್ನ ತಾಳೆಗರೀಲಿ ಬರೆದು ಅವಳ ಹೊಟ್ಟೆಗೆ ಹಾಕೋರು. ತೆಗೆಯೋಕೆ ಒಬ್ಬ ಚಿಕ್ಕ ಹುಡುಗ. ಆ ಮಗುವಿಗೆ ಯಾರ ಮೇಲೂ ಮುನಿಸಿರಲಿಲ್ಲ ನೋಡು.

ನಾನು: ಕೊನೇ ಪ್ರಶ್ನೆ. ನೀವೇ ಜ್ಯೂರಿ ಆಗಿದ್ದರೆ ಈ ಸಂದರ್ಶನಕ್ಕೆ ನನಗೆ ವೋಟು ಹಾಕ್ತಿದ್ರಾ?

ಗಡಿಗೆ: ಪ್ರಶ್ನೆಗಳು ಚೆನ್ನಾಗಿದ್ದವು. ಓದಿಕೊಂಡು ಬಂದಿದ್ದೀಯ, ಮಧ್ಯೆ ಬಾಯಿ ಹಾಕಲಿಲ್ಲ. ಆದರೆ ಬಂದ ತಕ್ಷಣ ಬೆರಳು ಮಡಿಸಿ ತಟ್ಟಿದೆಯಲ್ಲ, ಸಂತೇಲಿ ಮಡಕೆ ಕೊಳ್ಳೋನ ಹಾಗೆ. ಎರಡು ಸಲ.