ಪಂಚಾಯತ್ ಸದಸ್ಯನಲ್ಲಿ ಜೀವ-ಪಕ್ಷ ಭೇದ ವಿಚಾರ

ವಿಷಯ: ಗ್ರಾಮ ಪಂಚಾಯತ್ ಸದಸ್ಯನೂ ಪಕ್ಷದ ಬೂತ್ ಅಧ್ಯಕ್ಷನೂ ಒಂದೇ ದೇಹದಲ್ಲಿ ವಾಸಿಸಬಹುದೆ? ಈ ಜಿಜ್ಞಾಸೆಗೆ ಉಡುಪಿ ಬಳಿಯ ಶಂಕರಪುರಕ್ಕಿಂತ ಪ್ರಶಸ್ತ ಕ್ಷೇತ್ರವಿಲ್ಲ. ಹೆಸರಿನಲ್ಲಿ ಶಂಕರ, ಮಗ್ಗುಲಲ್ಲೇ ಮಧ್ವಾಚಾರ್ಯರು ಹುಟ್ಟಿದ ಪಾಜಕ.

ಶಾಸನದ್ದು ಶುದ್ಧ ದ್ವೈತ. 1993ರ ಪಂಚಾಯತ್ ರಾಜ್ ಅಧಿನಿಯಮದಡಿ ಗ್ರಾಮ ಪಂಚಾಯತ್ ಚುನಾವಣೆ ಪಕ್ಷರಹಿತ. ತಾಲೂಕು, ಜಿಲ್ಲಾ ಪಂಚಾಯತ್‌ಗೆ ಕಮಲ, ಕೈ ಬರಬಹುದು. ಗ್ರಾಮಕ್ಕೆ ಆಟೋರಿಕ್ಷಾದಂಥ ಚಿಹ್ನೆಗಳೇ ಗತಿ. ಸದಸ್ಯ ಬೇರೆ, ಪಕ್ಷ ಬೇರೆ. ಲೋಕವ್ಯವಹಾರ ಮಾತ್ರ ಅದ್ವೈತ. ಎರಡರ ನಡುವೆ ಪತ್ರಿಕೆಗಳು ‘ಬೆಂಬಲಿತ’ ಎಂಬ ಅನಿರ್ವಚನೀಯ ಪದಾರ್ಥವನ್ನು ಕಂಡುಹಿಡಿದಿವೆ: ಅಭ್ಯರ್ಥಿ ಪಕ್ಷದವನೆನ್ನುವಂತಿಲ್ಲ, ಅಲ್ಲವೆನ್ನುವಂತೆಯೂ ಇಲ್ಲ.

2020ರ ಡಿಸೆಂಬರ್ 22 ಮತ್ತು 27ರಂದು ಇಂಥ ಪಕ್ಷವಿಲ್ಲದ ಚುನಾವಣೆ ನಡೆಯಿತು. ಅದರಲ್ಲಿ ಬಿಜೆಪಿಯೂ ತಾನು ಗೆದ್ದೆನೆಂದಿತು, ಕಾಂಗ್ರೆಸ್ಸೂ ತಾನು ಗೆದ್ದೆನೆಂದಿತು. ಶಂಕರಪುರದಲ್ಲಿ ಒಂದು ಚೆಂಡು ಮಲ್ಲಿಗೆಗೆ 800 ಹೂ, ನಾಲ್ಕು ಚೆಂಡಿಗೆ ಒಂದು ಅಟ್ಟೆ. ಆ ಲೆಕ್ಕದಲ್ಲಿ ಹೂ ಕೊಳ್ಳುವವರು ಇಂಥ ಲೆಕ್ಕ ಕೂಡದ ಫಲಿತಾಂಶವನ್ನು ಹೂವಿನ ಕಟ್ಟೆಯಿಂದಲೇ ವಾಪಸು ಕಳಿಸುತ್ತಿದ್ದರು.

ಪೂರ್ವಪಕ್ಷ (ಸದಸ್ಯ ಹಿಂದೆ ಇದ್ದ ಪಕ್ಷವಲ್ಲ, ಎದುರಾಳಿಯ ವಾದ): ಪಕ್ಷದವನಾದ ಮಾತ್ರಕ್ಕೆ ಕೆಟ್ಟವನೇ? 1968ರಲ್ಲಿ ಉಡುಪಿ ಪುರಸಭೆ ಜನಸಂಘದ ಕೈಗೆ ಬಂತು. ಅಧ್ಯಕ್ಷ ಡಾ. ವಿ.ಎಸ್. ಆಚಾರ್ಯರ ಕಾಲದಲ್ಲೇ ಊರಿನಲ್ಲಿ ಮಲ ಹೊರುವ ಪದ್ಧತಿ ನಿಂತಿತು.

ಉತ್ತರ: ಒಪ್ಪಿದೆ. ಆದರೆ ಅಲ್ಲಿ ಪಕ್ಷದ ಹೆಸರು ಬಾಗಿಲಲ್ಲೇ ಇತ್ತು. ಪುರಸಭೆ, ಜಿಲ್ಲಾ ಪಂಚಾಯತ್ ಸದಸ್ಯರಿಗೆ ಈಗ 1987ರ ಪಕ್ಷಾಂತರ ನಿಷೇಧ ಕಾಯಿದೆಯೂ ಇದೆ. ವಿಪ್ ಮೀರಿದರೆ ಸದಸ್ಯತ್ವಕ್ಕೇ ಸಂಚಕಾರ. ಗ್ರಾಮ ಪಂಚಾಯತ್ ಸದಸ್ಯನಿಗೆ ಆ ಭಯವಿಲ್ಲ. ಇಲ್ಲದ ಪಕ್ಷವನ್ನು ಬಿಡುವುದಾದರೂ ಹೇಗೆ? ಬೆಳಿಗ್ಗೆ ಪಕ್ಷಾತೀತನಾಗಿ ನೋಡಿದ ಮನೆ ಫಲಾನುಭವಿಗಳ ಪಟ್ಟಿಯನ್ನು ಅವನು ಸಂಜೆ ಬೂತ್ ಅಧ್ಯಕ್ಷನಾಗಿ ಇನ್ನೊಮ್ಮೆ ನೋಡಬಹುದು. ಹುದ್ದೆ ಎರಡು ಇಟ್ಟುಕೊಳ್ಳಬೇಡ ಎಂದು ಕಾಯಿದೆ ಎಲ್ಲೂ ಹೇಳಿಲ್ಲ.

ದೇಶಾಂತರದ ದೃಷ್ಟಾಂತವೂ ಉಂಟು. ನ್ಯೂಯಾರ್ಕ್ ನಗರದ ಕ್ವೀನ್ಸ್‌ನಲ್ಲಿ ಡೊನಾಲ್ಡ್ ಮೇನ್ಸ್ ಎಂಬವರು ಬರೊ (ನಗರದ ಆಡಳಿತ ವಿಭಾಗ) ಅಧ್ಯಕ್ಷರೂ ಆಗಿದ್ದರು, ಅಲ್ಲಿನ ಡೆಮಾಕ್ರಟಿಕ್ ಪಕ್ಷದ ಮುಖಂಡರೂ ಆಗಿದ್ದರು. 1986ರಲ್ಲಿ ಅವರು ಸಿಲುಕಿದ ಪಾರ್ಕಿಂಗ್ ದಂಡ ವಸೂಲಿ ಗುತ್ತಿಗೆಯ ಲಂಚ ಹಗರಣ ಸ್ಫೋಟಿಸಿತು. ಇಂದು ಆ ನಗರದ ಚಾರ್ಟರಿನ ಪ್ರಕಾರ ಮೇಯರ್ ಆದವರು ಪಕ್ಷದ ಕೌಂಟಿ ಅಧ್ಯಕ್ಷರಾಗುವಂತಿಲ್ಲ.

ಇಲ್ಲಿ 2022ರಲ್ಲಿ ಕಾಂಗ್ರೆಸ್ ಉದಯಪುರದಲ್ಲಿ ಕುಳಿತು ಒಬ್ಬರಿಗೆ ಒಂದೇ ಹುದ್ದೆ ಎಂದಿತು. ಮರುವರ್ಷ ಉಪಮುಖ್ಯಮಂತ್ರಿಯಾದ ಡಿ.ಕೆ. ಶಿವಕುಮಾರ್ ಕೆಪಿಸಿಸಿ ಅಧ್ಯಕ್ಷರಾಗಿಯೂ ಮುಂದುವರಿದರು. ಹಾಗಿರುವಾಗ ಬೂತಿನವನೊಬ್ಬನನ್ನೇ ಹಿಡಿದು ಜಗ್ಗಿದರೆ ನ್ಯಾಯವಲ್ಲ.

ಸಿದ್ಧಾಂತ: ಒಂದೋ ಪಕ್ಷದ ಚಿಹ್ನೆ ಕೊಟ್ಟು, ವಿಪ್ಪನ್ನೂ ಕೊಡಿ, ಇಲ್ಲವೇ ಗೆದ್ದ ದಿನವೇ ಪಕ್ಷದ ಹುದ್ದೆ ಬಿಡಿಸಿ. ಅಲ್ಲಿಯವರೆಗೆ ಓದುಗರು ಮುಂದಿನ ಗ್ರಾಮಸಭೆಗೆ ಹೋಗಿ, ಅಧ್ಯಕ್ಷರೇ, ಪಕ್ಷದಲ್ಲಿ ನಿಮ್ಮ ಹುದ್ದೆ ಯಾವುದು ಎಂದು ಎದ್ದು ನಿಂತು ಕೇಳಲಿ. ಉತ್ತರವನ್ನು ಪಿಡಿಒ ನಡಾವಳಿ ಪುಸ್ತಕದಲ್ಲಿ ಬರೆದುಕೊಳ್ಳಲಿ.